ಬೇಸ್‌ಬಾಲ್ ಆಡೋ ಹುಡುಗ, ಗ್ಯಾಂಗ್ ಇರೋ ಬೀದಿ: ಕನ್ನಡದಲ್ಲಿ ಇಂಥ ಪತ್ತೇದಾರಿ ಕಥೆ ಬರೆಯುವ ಬಗೆ

ಇಂಥ ಕಥೆ ಬರೆಯಲು ಹೊರಟವರು ಮೊದಲು ಗನ್ ಹುಡುಕುತ್ತಾರೆ. ಯಾವ ಗನ್, ಎಷ್ಟು ಗುಂಡು, ಮೈತುಂಬಾ ಹಚ್ಚೆ ಹಾಕಿಸಿಕೊಂಡ ವಿಲನ್, ಕತ್ತಲೆ ಗಲ್ಲಿ. ಅದೆಲ್ಲ ಆಮೇಲೆ. ಮೊದಲು ಒಂದು ಸ್ಕೋರ್‌ಬುಕ್ ತಗೊಳ್ಳಿ, ಜೊತೆಗೆ ಒಂದು ಪೆನ್ಸಿಲ್. ನಿಮ್ಮ ಕೊಲೆಗಾರ ಸಿಕ್ಕಿಬೀಳಬೇಕಾದದ್ದು ಅದರಲ್ಲೇ.

ನಾನು ಲಾಸ್ ಏಂಜಲೀಸ್‌ನಲ್ಲಿ ಇರುವವಳು. ಮಗ ಪಾರ್ಕಿನ ಲೀಗ್‌ನಲ್ಲಿ ಆಡುತ್ತಿದ್ದಾಗ ಅವನ ತಂಡಕ್ಕೆ ಸ್ಕೋರ್ ಬರೆಯುವ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಬೇರೆ ಯಾರೂ ಒಪ್ಪಲಿಲ್ಲ, ಅಷ್ಟೇ. ಮೊದಲಿಂದಲೂ ಪತ್ತೇದಾರಿ ಕಥೆ ಬರೆಯುವ ಚಟ ಬೇರೆ ಇತ್ತು. ಎರಡೂ ಗೊತ್ತಿರುವವಳು ಅಂತ ಈಗ ಹೊಸಬರು ಹಸ್ತಪ್ರತಿ ಕಳಿಸುತ್ತಾರೆ. 'ಅಕ್ಕಾ, ಅಮೆರಿಕದ ಗ್ಯಾಂಗ್ ಕಥೆ, ನೋಡಿ ಹೇಳಿ' ಅಂತ. ಹೆಚ್ಚಿನವುಗಳಲ್ಲಿ ಹುಡುಗನಿಗೆ ಬೇಸ್‌ಬಾಲ್ ಬರುತ್ತದೆ ಎಂಬುದಕ್ಕೆ ಇರುವ ಒಂದೇ ಉಪಯೋಗ, ಕೊನೆಯಲ್ಲಿ ಬ್ಯಾಟ್ ಎತ್ತಿ ವಿಲನ್ ತಲೆ ಒಡೆಯುವುದು. ಹಾಗಾದರೆ ಅವನ ಕೈಗೆ ಒನಕೆ ಕೊಟ್ಟರೂ ಆಗುತ್ತಿತ್ತಲ್ವಾ?

ಆಟ ಗೊತ್ತಿದ್ದರೆ ಮಾತ್ರ ಬಿಡಿಸಲು ಆಗುವಂಥ ಗಂಟು ಇರಬೇಕು. ಆ ಆಟವನ್ನು ಕೊಲೆಗೆ ಮೊದಲೇ, ಓದುಗರಿಗೆ ಗೊತ್ತಾಗದ ಹಾಗೆ ಕಲಿಸಿಬಿಟ್ಟಿರಬೇಕು. ನನ್ನ ಹತ್ತಿರ ಇರುವ ವಿದ್ಯೆ ಇಷ್ಟೇ. ಒಂದು ಮಾದರಿ ಕಥೆ ಕಟ್ಟುತ್ತಾ ಹೋಗೋಣ.

ಜಾಗ, ವರ್ಷ

'ಅಮೆರಿಕದ ಒಂದು ನಗರ' ಅಂತ ಬರೆಯಬೇಡಿ. ನಾನು ಬಾಯ್ಲ್ ಹೈಟ್ಸ್ ಆರಿಸಿಕೊಳ್ಳುತ್ತೇನೆ. ಲಾಸ್ ಏಂಜಲೀಸ್ ಪೇಟೆಯಿಂದ ನದಿ ದಾಟಿದರೆ ಸಿಗುವ ಬಡಾವಣೆ ಇದು. ಬಹುಪಾಲು ಮೆಕ್ಸಿಕನ್ ಮೂಲದ ಕುಟುಂಬಗಳು. ದೊಡ್ಡ ದೊಡ್ಡ ಫ್ರೀವೇಗಳು ಬಡಾವಣೆಯನ್ನು ಸೀಳಿಕೊಂಡು ಹೋಗಿವೆ. ಹಾಗಾಗಿ ಸ್ಕೂಲಿನಿಂದ ಮನೆಗೆ ನಡೆದು ಹೋಗುವ ಹುಡುಗ ಎಲ್ಲೋ ಒಂದು ಕಡೆ ಫ್ರೀವೇ ಕೆಳಗಿನ ಅಂಡರ್‌ಪಾಸ್ ದಾಟಲೇಬೇಕು. ಕಥೆಗೆ ಅದು ಚಿನ್ನ.

ಇನ್ನೊಂದು ಚಿನ್ನ ಇಂಡಿಯಾನಾ ಸ್ಟ್ರೀಟ್. ಅದರ ಪಶ್ಚಿಮಕ್ಕೆ ಬಾಯ್ಲ್ ಹೈಟ್ಸ್, ಅಂದರೆ ನಗರದ ಪೊಲೀಸರ ಹಾಲೆನ್‌ಬೆಕ್ ಠಾಣೆಯ ವ್ಯಾಪ್ತಿ. ಪೂರ್ವಕ್ಕೆ ಈಸ್ಟ್ ಲಾಸ್ ಏಂಜಲೀಸ್. ಅದು ನಗರಕ್ಕೆ ಸೇರಿಲ್ಲ, ಕೌಂಟಿಗೆ, ಅಂದರೆ ನಮ್ಮ ಜಿಲ್ಲೆಯಂಥದ್ದಕ್ಕೆ ಸೇರಿದ್ದು. ಅಲ್ಲಿ ಕೌಂಟಿಯ ಪೊಲೀಸರಾದ ಶೆರಿಫ್ ಇಲಾಖೆ. ಹೆಣ ರಸ್ತೆಯ ಯಾವ ಬದಿಗೆ ಬಿತ್ತು ಅನ್ನುವುದರ ಮೇಲೆ ನಿಮ್ಮ ಡಿಟೆಕ್ಟಿವ್ ಯಾರು ಅನ್ನುವುದೇ ಬದಲಾಗುತ್ತದೆ. ಮ್ಯಾಪ್ ತೆರೆದು ನೋಡದೆ ಒಂದು ಸಾಲೂ ಬರೆಯಬೇಡಿ.

ವರ್ಷ ಇನ್ನೂ ಮುಖ್ಯ. 1992ರಲ್ಲಿ ಲಾಸ್ ಏಂಜಲೀಸ್ ನಗರದಲ್ಲಿ 1,092 ಕೊಲೆಗಳಾದವು. 2010ರ ಹೊತ್ತಿಗೆ ಆ ಸಂಖ್ಯೆ 300ರ ಒಳಗೆ ಬಂದಿತ್ತು. ತೊಂಬತ್ತರ ದಶಕದ ಸಿನಿಮಾ ನೋಡಿಕೊಂಡು ಇವತ್ತಿನ ಕಥೆ ಬರೆದರೆ ಅಲ್ಲಿ ಬದುಕುವವರು ನಕ್ಕುಬಿಡುತ್ತಾರೆ. ಬೀದಿ ಹಾಗೇ ಇದೆ, ಗ್ಯಾಂಗೂ ಇದೆ. ಆದರೆ ಪಕ್ಕದಲ್ಲಿ ಕಾಫಿ ಅಂಗಡಿ ಬಂದಿದೆ, ಬಾಡಿಗೆ ಏರಿದೆ, ಕಂಬ ಕಂಬಕ್ಕೂ ಕ್ಯಾಮೆರಾ ಇದೆ. ವರ್ಷ ಬದಲಾದರೆ ಆಟವೂ ಬದಲಾಗುತ್ತದೆ. ಹೈಸ್ಕೂಲ್ ಹುಡುಗರ ಲೋಹದ ಬ್ಯಾಟಿನ ನಿಯಮ 2012ರಲ್ಲಿ ಬಿಗಿಯಾಯಿತು. ಪಿಚರ್ ಇಷ್ಟೇ ಚೆಂಡು ಎಸೆಯಬೇಕು ಎಂಬ ಮಿತಿ ದೇಶದ ಹೈಸ್ಕೂಲ್‌ಗಳಿಗೆ 2017ರಲ್ಲಿ ಬಂತು. ನಮ್ಮ ಕಥೆ 2023ರ ಏಪ್ರಿಲ್, ಶುಕ್ರವಾರ ಮಧ್ಯಾಹ್ನ ಅಂತಿಟ್ಟುಕೊಳ್ಳಿ.

ಒಬ್ಬ ಅಜ್ಜಿಯನ್ನೂ ಇಟ್ಟುಕೊಳ್ಳಿ. ಲಾಸ್ ಏಂಜಲೀಸ್‌ನ ಬೇಸ್‌ಬಾಲ್ ತಂಡವಾದ ಡಾಡ್ಜರ್ಸ್‌ನ ಸ್ಟೇಡಿಯಂ ಇರುವುದು ಶಾವೇಸ್ ರವೀನ್‌ನಲ್ಲಿ. ಅಲ್ಲಿದ್ದ ಮೆಕ್ಸಿಕನ್ ಕುಟುಂಬಗಳನ್ನು 1950ರ ದಶಕದಲ್ಲಿ ಒಕ್ಕಲೆಬ್ಬಿಸಿದರು. ಕೊನೆಯವರನ್ನು 1959ರಲ್ಲಿ ಶೆರಿಫ್ ಇಲಾಖೆಯವರು ಹೊರಗೆ ಹೊತ್ತು ತಂದರು. ಸ್ಟೇಡಿಯಂ ಶುರುವಾದದ್ದು 1962ರಲ್ಲಿ. ಎಷ್ಟೋ ಮನೆಗಳಲ್ಲಿ ಡಾಡ್ಜರ್ಸ್ ಹೆಸರೆತ್ತಿದರೆ ಸಿಟ್ಟು. ಆಮೇಲೆ 1981ರಲ್ಲಿ ಮೆಕ್ಸಿಕೋದ ಎಡಗೈ ಪಿಚರ್ ಫರ್ನಾಂಡೊ ವ್ಯಾಲೆನ್ಸುಯೆಲಾ ಡಾಡ್ಜರ್ಸ್ ಪರವಾಗಿ ಮಿಂಚಿದ. ಒಂದೇ ಸೀಸನ್‌ನಲ್ಲಿ ಶ್ರೇಷ್ಠ ಹೊಸ ಆಟಗಾರ, ಶ್ರೇಷ್ಠ ಪಿಚರ್ ಎರಡೂ ಪ್ರಶಸ್ತಿ ಬಾಚಿಕೊಂಡ. ಸಿಟ್ಟಾಗಿದ್ದವರೂ ರೇಡಿಯೋ ಹಾಕಿದರು. ನಮ್ಮ ಅಜ್ಜಿ ಇವತ್ತಿಗೂ ಸ್ಟೇಡಿಯಂಗೆ ಕಾಲಿಡುವುದಿಲ್ಲ, ಆದರೆ ಫರ್ನಾಂಡೊ ಫೋಟೋ ದೇವರ ಪಟದ ಪಕ್ಕದಲ್ಲಿದೆ. ಮೊಮ್ಮಗ ಯಾಕೆ ಬೇಸ್‌ಬಾಲ್ ಆಡುತ್ತಾನೆ ಅಂತ ಬೇರೆ ಪ್ಯಾರಾ ಬರೆಯುವ ಕೆಲಸ ಉಳಿಯಿತು.

ಹುಡುಗ ಕ್ಯಾಚರ್ ಆಗಲಿ

ಎಲ್ಲರೂ ಹೀರೋನನ್ನು ಪಿಚರ್ ಮಾಡುತ್ತಾರೆ. ಚೆಂಡು ಎಸೆಯುವವನು ಎಲ್ಲರ ಕಣ್ಣಿಗೆ ಬೀಳುತ್ತಾನೆ ನೋಡಿ, ಅದಕ್ಕೆ. ನನ್ನ ಕೇಳಿದರೆ ಕ್ಯಾಚರ್ ಮಾಡಿ, ಬ್ಯಾಟ್ಸ್‌ಮನ್ ಹಿಂದೆ ಕೂತು ಆ ಚೆಂಡು ಹಿಡಿಯುವವನನ್ನು. ಮೈದಾನದಲ್ಲಿರುವ ಒಂಬತ್ತು ಜನರಲ್ಲಿ ಎಂಟು ಜನ ಒಳಗೆ, ಬ್ಯಾಟ್ಸ್‌ಮನ್ ನಿಲ್ಲುವ ಹೋಮ್ ಪ್ಲೇಟ್ ಕಡೆಗೆ ಮುಖ ಮಾಡಿ ನಿಂತಿರುತ್ತಾರೆ. ಹೊರಗೆ ಮುಖ ಮಾಡಿ ಕೂತವನು ಕ್ಯಾಚರ್ ಒಬ್ಬನೇ. ಬೇಲಿಯಾಚೆ ರಸ್ತೆಯಲ್ಲಿ ಯಾವ ಕಾರು ನಿಂತಿದೆ, ಯಾವುದು ಮೂರನೇ ಸಲ ಸುತ್ತು ಹೊಡೆಯುತ್ತಿದೆ ಅನ್ನುವುದು ಅವನಿಗೆ ಕಾಣುತ್ತದೆ. ಆದರೆ ಬೆನ್ನ ಹಿಂದೆ, ಜಾಲರಿಯ ಆಚೆ ಯಾರು ಕೂತಿದ್ದಾರೆ ಅನ್ನುವುದು ಮಾತ್ರ ಕಾಣುವುದಿಲ್ಲ. ನೋಡಿದ್ದು, ನೋಡದೇ ಇದ್ದದ್ದು ಎರಡೂ ಮೈದಾನದ ಲೆಕ್ಕಕ್ಕೆ ಸರಿಯಾಗಿ ಹೊಂದುತ್ತದೆ. ಪತ್ತೇದಾರನಿಗೆ ಇದಕ್ಕಿಂತ ಒಳ್ಳೆ ಕುರ್ಚಿ ಎಲ್ಲಿ ಸಿಗುತ್ತದೆ?

ಅವನ ಹೆಸರು ಮಾಟೆಯೊ, ವಯಸ್ಸು 16. ತಂಗಿ ಲೂಪೆ, ತಂಡಕ್ಕೆ ಸ್ಕೋರ್ ಬರೆಯುವವಳು. ಕ್ಯಾಚರ್ ತೊಡೆಗಳ ನಡುವೆ ಬೆರಳು ತೋರಿಸಿ ಪಿಚರ್‌ಗೆ ಸನ್ನೆ ಮಾಡುತ್ತಾನೆ. ಒಂದು ಬೆರಳು ಅಂದರೆ ಸಾಮಾನ್ಯವಾಗಿ ಫಾಸ್ಟ್‌ಬಾಲ್. ಸಂಜೆ ಬೆಳಕು ಇಳಿದ ಮೇಲೆ ಬೆರಳು ಕಾಣಲಿ ಅಂತ ಕೆಲವು ಕ್ಯಾಚರ್‌ಗಳು ಉಗುರಿಗೆ ಬಣ್ಣ ಹಚ್ಚುತ್ತಾರೆ. ಮಾಟೆಯೊ ತಂಗಿಯ ನೈಲ್ ಪಾಲಿಶ್ ಹಚ್ಚಿಕೊಳ್ಳುತ್ತಾನೆ, ಗಿಣಿಹಸಿರು ಬಣ್ಣ. ಬೀದಿಯ ಹುಡುಗರು ಆಡಿಕೊಳ್ಳುತ್ತಾರೆ. ಅವನು ಆಟ ಮುಗಿದ ಕೂಡಲೇ ಬಸ್‌ನಲ್ಲೇ ಕೆರೆದು ತೆಗೆಯುತ್ತಾನೆ. ಇಂಥ ಒಂದು ವಿವರ ಸಾಕು. ಅವನ ಬಡತನ, ಕನಸು, ಛಲ ಅಂತ ಎರಡು ಪುಟ ಕೊರೆಯಬೇಡಿ.

ಸತ್ತವನು ರೂಬೆನ್, 19. ಅದೇ ಸ್ಕೂಲಿನ ಹಳೆಯ ಪಿಚರ್. ಭುಜ ಕೆಟ್ಟಿತು, ಆಟ ನಿಂತಿತು, ಸ್ವಲ್ಪ ದಿನ ಗ್ಯಾಂಗ್ ಹುಡುಗರ ಜೊತೆ ತಿರುಗಿದ. ಈಗ ಮೈದಾನಕ್ಕೆ ನೀರು ಹಾಕಿ, ಮಣ್ಣು ಎಳೆದು, ಸುಣ್ಣದ ಗೆರೆ ಹಾಕುವ ಕೆಲಸ. ಆಟ ನಡೆಯುತ್ತಿರುವಾಗಲೇ, ಐದನೇ ಇನ್ನಿಂಗ್ಸ್ ಹೊತ್ತಿಗೆ, ಪಾರ್ಕಿಂಗ್ ಜಾಗದ ಶೆಡ್ ಹಿಂದೆ ಅವನಿಗೆ ಗುಂಡು ಬೀಳುತ್ತದೆ.

ಸುಳಿವು ಬಿತ್ತುವುದು

ಇಲ್ಲಿ ನಿಧಾನವಾಗಿ ಓದಿ. ಕಥೆ ಗೆಲ್ಲುವುದೂ ಸೋಲುವುದೂ ಇಲ್ಲೇ.

ಬೇಸ್ ಅಂದರೆ ಬ್ಯಾಟ್ಸ್‌ಮನ್ ಓಡಿ ಮುಟ್ಟಬೇಕಾದ ಜಾಗ. ಬೇಸ್‌ಬಾಲ್ ಸ್ಕೋರ್ ಬರೆಯುವಾಗ ಆಟಗಾರರಿಗೆ ಹೆಸರಿಲ್ಲ, ನಿಂತ ಜಾಗದ ಅಂಕಿ. ಪಿಚರ್ 1, ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಥರ್ಡ್ ಬೇಸ್ 5, ಸೆಕೆಂಡ್, ಥರ್ಡ್ ಬೇಸ್‌ಗಳ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6, ಹೊರಗಿನ ಮೂವರು ಎಡದಿಂದ 7, 8, 9. ಚೆಂಡು ಶಾರ್ಟ್‌ಸ್ಟಾಪ್ ಹಿಡಿದು ಫಸ್ಟ್ ಬೇಸ್‌ಗೆ ಎಸೆದು ಔಟ್ ಮಾಡಿದರೆ 6-3. ಬೀಸಿ ತಪ್ಪಿದ, ಇಲ್ಲವೇ ಹೊಡೆಯಬಹುದಾಗಿದ್ದರೂ ಬಿಟ್ಟ ಚೆಂಡು ಸ್ಟ್ರೈಕ್. ಮೂರು ಸ್ಟ್ರೈಕ್ ಆಗಿ ಔಟಾದರೆ ಇಂಗ್ಲಿಷಿನ 'ಕೆ' ಅಕ್ಷರ. ಬ್ಯಾಟ್ ಬೀಸಿ ತಪ್ಪಿದರೆ ನೇರ ಕೆ. ಮೂರನೇ ಚೆಂಡಿಗೆ ಬೀಸದೆ ಸುಮ್ನೆ ನೋಡುತ್ತಾ ನಿಂತು ಔಟಾದರೆ ಕೆ ಅಕ್ಷರವನ್ನು ಕನ್ನಡಿಯಲ್ಲಿ ಕಂಡ ಹಾಗೆ ತಿರುಗಿಸಿ ಬರೆಯುತ್ತಾರೆ.

ಇದನ್ನು ನಾನು ಈಗ ಹೇಳಿದ ಹಾಗೆ ಕಥೆಯಲ್ಲಿ ಹೇಳಿದಿರೋ, ಮುಗಿಯಿತು. ಓದುಗರು ಹುಷಾರಾಗುತ್ತಾರೆ. ಒಂದನೇ ಅಧ್ಯಾಯದಲ್ಲಿ ಊಟದ ಹೊತ್ತಿಗೆ ಹೀಗೆ ಬರಲಿ:

'ಏನೇ ಇದು, ಕೆ ಉಲ್ಟಾ ಬರೆದಿದ್ದೀಯ? ಒಂದನೇ ಕ್ಲಾಸ್ ಮಕ್ಕಳ ಥರ!'

'ಉಲ್ಟಾ ಅಲ್ಲ ಕಣೋ. ಅವನು ಬೀಸಲೇ ಇಲ್ಲ. ಕಂಬದ ಥರ ನಿಂತಿದ್ದ. ನಿಂತು ಔಟಾದ್ರೆ ಹಿಂಗೇ ಬರೀಬೇಕು.'

'ಯಾರು ಹೇಳಿದ್ದು?'

'ಅಜ್ಜಿ. ಫರ್ನಾಂಡೊ ಕಾಲದಲ್ಲಿ ಅವಳೂ ಬರೀತಿದ್ಲಂತೆ.'

'ಪುಸ್ತಕ ತೆಗಿ, ಸಾರು ಚೆಲ್ಲುತ್ತೆ,' ಅಂದಳು ಅಮ್ಮ.

ಅಷ್ಟೇ. ಓದುಗರಿಗೆ ಇದು ಅಣ್ಣ ತಂಗಿ ಜಗಳ. ಪಾಠ ಆಗಿಹೋಗಿದೆ, ಗೊತ್ತೇ ಆಗಿಲ್ಲ. 'ಸಾರು ಚೆಲ್ಲುತ್ತೆ' ಅನ್ನುವ ಮಾತಿಗೆ ಅಲ್ಲಿ ಕೆಲಸ ಇದೆ. ಸುಳಿವು ಕೊಟ್ಟ ಮರುಕ್ಷಣವೇ ಗಮನ ಬೇರೆ ಕಡೆ ಎಳೆದುಬಿಡಬೇಕು.

ಎರಡನೇ ಪಾಠ ಒಂದು ವಿಚಿತ್ರ ನಿಯಮ. ಮೂರನೇ ಸ್ಟ್ರೈಕ್ ಚೆಂಡನ್ನು ಕ್ಯಾಚರ್ ಸರಿಯಾಗಿ ಹಿಡಿಯದೆ ಬಿಟ್ಟರೆ, ಆಗ ಫಸ್ಟ್ ಬೇಸ್ ಖಾಲಿ ಇದ್ದರೆ ಅಥವಾ ಅದಾಗಲೇ ಎರಡು ಔಟ್ ಆಗಿದ್ದರೆ, ಬ್ಯಾಟ್ಸ್‌ಮನ್ ಇನ್ನೂ ಔಟಲ್ಲ. ಅವನು ಫಸ್ಟ್ ಬೇಸ್‌ಗೆ ಓಡಬಹುದು. ಕ್ಯಾಚರ್ ಅವನನ್ನು ಮುಟ್ಟಬೇಕು, ಇಲ್ಲವೇ ಚೆಂಡು ಹುಡುಕಿ ಫಸ್ಟ್ ಬೇಸ್‌ಗೆ ಎಸೆದು ಔಟ್ ಮಾಡಬೇಕು. ಎಸೆದು ಔಟ್ ಮಾಡಿದರೆ ಪುಸ್ತಕದಲ್ಲಿ ಕೆ ಪಕ್ಕ 2-3 ಅಂತ ಬರುತ್ತದೆ. ಕ್ರಿಕೆಟ್ ನೋಡಿ ಬೆಳೆದವರಿಗೆ ಇದು ತಲೆ ತಿರುಗಿಸುವ ನಿಯಮ. ಪ್ರಾಕ್ಟೀಸ್‌ನಲ್ಲಿ ಕೋಚ್ ಬೈಯುವ ದೃಶ್ಯದಲ್ಲಿ ತನ್ನಿ. 'ಕೈಬಿಟ್ಟೆ ಅಂತ ಮುಖ ಸಪ್ಪೆ ಮಾಡ್ಕೊಂಡು ಕೂತ್ರೆ ಅವನು ಓಡಿಹೋಗ್ತಾನೆ. ಮೊದಲು ಎಸಿ, ಆಮೇಲೆ ಅಳು.' ಬೈಗುಳದಲ್ಲಿ ಕಲಿತದ್ದು ಓದುಗರಿಗೂ ಮರೆಯುವುದಿಲ್ಲ.

ಈಗ ಮೂರನೇ ಅಧ್ಯಾಯ, ಆಟ. ಐದನೇ ಇನ್ನಿಂಗ್ಸ್, ಎರಡು ಔಟ್. ಮೂರನೇ ಸ್ಟ್ರೈಕ್. ಬ್ಯಾಟ್ಸ್‌ಮನ್ ಬೀಸಲಿಲ್ಲ. ಚೆಂಡು ಮಾಟೆಯೊನ ಗ್ಲೌಸ್ ಅಂಚಿಗೆ ಬಡಿದು ಜಾಲರಿ ಕಡೆ ಉರುಳಿತು. ಎಲ್ಲರೂ ಕೂಗಿದರು. ಅವನು ಎದ್ದು, ಹುಡುಕಿ, ಎಸೆದ. ಒಂದು ಹೆಜ್ಜೆಯ ಅಂತರದಲ್ಲಿ ಔಟ್. ಇದನ್ನು ಎರಡು ಮೂರು ಸಾಲಿನಲ್ಲಿ ಮುಗಿಸಿ. ಹಿಂದೆ ಮುಂದೆ ಇದಕ್ಕಿಂತ ರೋಚಕವಾದದ್ದು ಏನಾದರೂ ಇಡಿ. ನಾಲ್ಕನೇ ಇನ್ನಿಂಗ್ಸ್‌ನಲ್ಲಿ ಒಂದು ಹೋಮ್ ರನ್, ಆರನೆಯದರಲ್ಲಿ ಸೈರನ್.

ನಾಲ್ಕನೇ ಅಧ್ಯಾಯ. ರೂಬೆನ್ ಬಿದ್ದ ಜಾಗದಲ್ಲಿ ಮೇಣದ ಬತ್ತಿ, ಹೂವು, ಫೋಟೋ. ಅಲ್ಲಿಗೆ ಅರ್ಮಾಂಡೊ ಬರುತ್ತಾನೆ. ಬೇಸಿಗೆಯಲ್ಲಿ ಊರೂರಿಗೆ ಹೋಗಿ ಆಡುವ ಟ್ರಾವೆಲ್ ಟೀಮ್ ನಡೆಸುವವನು. ಬಡ ಹುಡುಗರಿಗೆ ಶೂ ಕೊಡಿಸುವವನು. ಎಲ್ಲರಿಗೂ ಬೇಕಾದವನು. ಮಾಟೆಯೊನ ಹೆಗಲ ಮೇಲೆ ಕೈ ಹಾಕಿ, 'ಮಿಹೋ', ಅಂದರೆ ಮಗನೇ, ಅಂತ ಕರೆದು ಹೇಳುತ್ತಾನೆ: 'ಮಿಹೋ, ಐದನೇ ಇನ್ನಿಂಗ್ಸ್ ಕೊನೆಯ ಔಟ್ ಇದೆಯಲ್ಲ, ಜಾಲರಿ ಹಿಂದೇನೇ ಕೂತು ನೋಡಿದೆ. ಅವನು ಕುರುಡನ ಥರ ಬೀಸಿದ, ಬಾಲು ಬಂದು ನಿನ್ನ ಗ್ಲೌಸ್‌ನಲ್ಲಿ ಕೂತಿತು. ರೂಬೆನ್ ನೋಡಿದ್ರೆ ಖುಷಿ ಪಡ್ತಿದ್ದ.'

ಮಾಟೆಯೊಗೆ ಗೊತ್ತು, ಚೆಂಡು ಕೈಬಿಟ್ಟಿತ್ತು. ಆದರೆ ಅವನು ಏನಂದುಕೊಳ್ಳುತ್ತಾನೆ? ಪಾಪ, ನನಗೆ ನೋವಾಗದಿರಲಿ ಅಂತ ಸುಳ್ಳು ಹೇಳುತ್ತಿದ್ದಾನೆ. ಒಳ್ಳೆಯವನು. ಓದುಗರೂ ಹಾಗೇ ಅಂದುಕೊಳ್ಳುತ್ತಾರೆ, ಯಾಕೆಂದರೆ ದುಃಖದ ಮನೆಯಲ್ಲಿ ಎಲ್ಲರೂ ಅಂಥ ಸುಳ್ಳು ಹೇಳಿದವರೇ.

ಇದನ್ನು ಐದು ಅಧ್ಯಾಯ ಕೊಳೆಯಲು ಬಿಡಿ. ಒಂಬತ್ತನೆಯದರಲ್ಲಿ ಮಾಟೆಯೊ ಬೇರೇನೋ ಹುಡುಕುತ್ತಾ ಸ್ಕೋರ್‌ಬುಕ್ ತೆರೆದಾಗ ಐದನೇ ಇನ್ನಿಂಗ್ಸ್ ಚೌಕದಲ್ಲಿ ಉಲ್ಟಾ ಕೆ, ಪಕ್ಕದಲ್ಲಿ 2-3. 'ಅರ್ಮಾಂಡೊ ಎಷ್ಟು ಒಳ್ಳೆಯವನು ನೋಡು, ನಾನು ಕೈಬಿಟ್ಟದ್ದನ್ನೇ ಮುಚ್ಚಿಟ್ಟ' ಅನ್ನುತ್ತಾನೆ. ಲೂಪೆ ಕೇಳುತ್ತಾಳೆ: 'ಸರಿ. ಆದರೆ ಬ್ಯಾಟ್ಸ್‌ಮನ್ ಬೀಸಿದ ಅಂತ ಯಾಕೆ ಹೇಳಿದ?'

ಕೈಬಿಟ್ಟದ್ದನ್ನು ಹಿಡಿದೆ ಅನ್ನುವುದು ಕರುಣೆ ಇರಬಹುದು. ಬೀಸದವನನ್ನು ಬೀಸಿದ ಅನ್ನುವುದರಿಂದ ಯಾರಿಗೂ ಸಮಾಧಾನ ಆಗುವುದಿಲ್ಲ. ಆ ಚೆಂಡನ್ನು ನೋಡದವನು ಮಾತ್ರ ಹಾಗೆ ಹೇಳಲು ಸಾಧ್ಯ. ಯಾರೋ ಅವನಿಗೆ 'ಸ್ಟ್ರೈಕ್ ಔಟ್, ಐದು ಮುಗೀತು' ಅಂತ ಮೆಸೇಜ್ ಹಾಕಿದ್ದಾರೆ, ಉಳಿದದ್ದನ್ನು ಅವನು ಊಹಿಸಿದ್ದಾನೆ. ಆ ಮೆಸೇಜ್ ಯಾರ ಫೋನಿನಿಂದ ಹೋಯಿತು ಅನ್ನುವುದು ಮುಂದಿನ ಎರಡು ಅಧ್ಯಾಯಕ್ಕೆ ದಾರಿ.

ನೆನಪು ತಪ್ಪಿರಬಹುದಲ್ವಾ, ಅಂತ ಒಬ್ಬ ಪಾತ್ರದ ಬಾಯಲ್ಲಿ ಕೇಳಿಸಿಬಿಡಿ. ಓದುಗರು ಕೇಳುವ ಮೊದಲು ನೀವೇ ಕೇಳಿದರೆ ಮರ್ಯಾದೆ ಉಳಿಯುತ್ತದೆ. ಈ ಸುಳಿವಿನಿಂದ ಕೋರ್ಟಿನಲ್ಲಿ ಶಿಕ್ಷೆ ಆಗುವುದಿಲ್ಲ. ಮಾಟೆಯೊ ಯಾವ ಕಡೆ ನೋಡಬೇಕು ಅಂತ ತೋರಿಸಿದರೆ ಸಾಕು.

ಇನ್ನೊಂದು ಗುಟ್ಟು. ಸ್ಕೋರ್‌ಬುಕ್ ಒಂದೇ ಇರುವುದಿಲ್ಲ, ಎರಡು ಇರುತ್ತವೆ. ಎರಡೂ ತಂಡದವರು ಬರೆಯುತ್ತಾರೆ. ಪಿಚರ್ ಮಿತಿ ಬಂದ ಮೇಲಂತೂ ಚೆಂಡು ಚೆಂಡಿನ ಲೆಕ್ಕ ಇಡಲೇಬೇಕು, ಆಟದ ನಡುವೆ ಇಬ್ಬರೂ ಸರಿನೋಡಿಕೊಳ್ಳುತ್ತಾರೆ. ಲೂಪೆಯ ಪುಸ್ತಕ ಕಳುವಾಗುತ್ತದೆ ಅಂತಿಟ್ಟುಕೊಳ್ಳಿ, ಅಥವಾ ಆ ಚೌಕವನ್ನು ಯಾರೋ ರಬ್ಬರಿನಿಂದ ಉಜ್ಜಿದ್ದಾರೆ. ಎದುರು ತಂಡದ ಪುಸ್ತಕ ಇನ್ನೊಂದು ಬಡಾವಣೆಯಲ್ಲಿ, ಮಾಟೆಯೊ ಕಾಲಿಡಬಾರದ ಬೀದಿಯಲ್ಲಿ, ಯಾರದೋ ಮನೆಯಲ್ಲಿದೆ. ಅದನ್ನು ತರಲು ಅವನು ಹೋಗಲೇಬೇಕು. ಆಟ, ಗ್ಯಾಂಗ್, ಪತ್ತೇದಾರಿಕೆ ಮೂರೂ ಒಂದೇ ಬೀದಿಗೆ ಬಂದು ನಿಂತವು.

ಬರೆಯಲು ಕೂರುವ ಮುಂಚೆ ಆ ಆಟದ ಸ್ಕೋರ್‌ಬುಕ್ ಪುಟವನ್ನು ಪೂರ್ತಿ ತುಂಬಿಸಿ. ಹೈಸ್ಕೂಲ್ ಆಟಕ್ಕೆ 7 ಇನ್ನಿಂಗ್ಸ್. ಇಲ್ಲಿ ಇನ್ನಿಂಗ್ಸ್ ಅಂದರೆ ಎರಡೂ ತಂಡ ಒಂದೊಂದು ಸಲ, ಮೂರು ಮೂರು ಔಟ್ ಆಗುವವರೆಗೆ ಆಡುವುದು. ಆಟಕ್ಕೆ ಗಡಿಯಾರವಿಲ್ಲ. ಹಾಗಾಗಿ ಸಾಕ್ಷಿಗಳು 'ನಾಲ್ಕೂವರೆಗೆ' ಅನ್ನುವುದಿಲ್ಲ, 'ಐದನೇ ಇನ್ನಿಂಗ್ಸ್, ಒಂದು ಔಟ್ ಆಗಿತ್ತು' ಅನ್ನುತ್ತಾರೆ. ನಾನು ಪ್ರತಿ ಔಟ್‌ನ ಪಕ್ಕದಲ್ಲಿ ಯಾವ ಪಾತ್ರ ಎಲ್ಲಿತ್ತು ಅಂತ ಪೆನ್ಸಿಲ್‌ನಲ್ಲಿ ಬರೆದಿಡುತ್ತೇನೆ. ಕೈ ನೋಯುತ್ತದೆ. ಆದರೆ ಆಮೇಲೆ ಸುಳ್ಳು ಹೇಳುವ ಪಾತ್ರಗಳನ್ನು ಬರೆಯುವುದು ನೀರು ಕುಡಿದಷ್ಟು ಸುಲಭ.

ಗ್ಯಾಂಗ್

ಮೊದಲನೆಯದು, ನಿಜವಾದ ಗ್ಯಾಂಗಿನ ಹೆಸರು ಬಳಸಬೇಡಿ. ಒಂದು ಬೀದಿ ಹೆಸರು ಹುಟ್ಟಿಸಿ, ಅದನ್ನೇ ಗ್ಯಾಂಗಿಗಿಡಿ. ಎರಡನೆಯದು, ಕಂಡ ಕಂಡಲ್ಲಿ ಕ್ರಿಪ್ಸ್, ಬ್ಲಡ್ಸ್ ತರಬೇಡಿ. ಅವು 1969ರಿಂದ ಈಚೆಗೆ ದಕ್ಷಿಣ ಲಾಸ್ ಏಂಜಲೀಸ್‌ನ ಕಪ್ಪು ಜನರ ಬಡಾವಣೆಗಳಲ್ಲಿ ಹುಟ್ಟಿದವು, ಒಂದರದು ನೀಲಿ, ಇನ್ನೊಂದರದು ಕೆಂಪು. ಬಾಯ್ಲ್ ಹೈಟ್ಸ್‌ನ ಗ್ಯಾಂಗ್‌ಗಳ ಕಥೆಯೇ ಬೇರೆ. ಕೆಲವು ಮನೆಗಳಲ್ಲಿ ಅಜ್ಜ, ಅಪ್ಪ, ಮಗ ಮೂರು ತಲೆಮಾರು ಅದೇ ಹೆಸರಿಗೆ ಸೇರಿದವರು.

ಅಲ್ಲಿ 13 ಅನ್ನುವ ಅಂಕಿಗೆ ಅರ್ಥ ಇದೆ. ಇಂಗ್ಲಿಷ್ ಅಕ್ಷರಮಾಲೆಯ ಹದಿಮೂರನೆಯದು 'ಎಂ', ಅದು ಜೈಲಿನೊಳಗಿನ ಮೆಕ್ಸಿಕನ್ ಮಾಫಿಯಾದ ಗುರುತು. ಈಗ ನೋಡಿ, ಒಬ್ಬ ಹೊಸ ಹುಡುಗನಿಗೆ ಬೇರೆ ಜೆರ್ಸಿ ಉಳಿದಿಲ್ಲ ಅಂತ 13 ಸಿಕ್ಕಿದೆ. ಓದುಗರನ್ನು ಐವತ್ತು ಪುಟ ದಾರಿ ತಪ್ಪಿಸಬಹುದು. ಡಾಡ್ಜರ್ಸ್ ಟೋಪಿ ಮಾತ್ರ ಸುಳಿವಾಗಿ ಬೇಡ, ಅಲ್ಲಿ ಪಾದ್ರಿಯೂ ಅದನ್ನೇ ಹಾಕುತ್ತಾನೆ.

ಆಟದಿಂದಲೇ ಹುಟ್ಟುವ ಇನ್ನೊಂದು ದಾರಿ ತಪ್ಪಿಸುವ ಸುಳಿವು ಇದೆ, ನನಗೆ ಬಹಳ ಇಷ್ಟ. ಎರಡು ಔಟ್ ಆಗಿದೆ ಅಂತ ದೂರದವರಿಗೆ ತಿಳಿಸಲು ಆಟಗಾರರು ತೋರುಬೆರಳು, ಕಿರುಬೆರಳು ಎತ್ತಿ ತೋರಿಸುತ್ತಾರೆ. ತೋರುಬೆರಳು, ಮಧ್ಯದ ಬೆರಳು ಎತ್ತಿದರೆ ದೂರದಿಂದ ಒಂದೇ ಬೆರಳಿನ ಥರ ಕಾಣುತ್ತದೆ, ಅದಕ್ಕೆ. ಮಾಟೆಯೊ ಹಾಗೆ ಕೈ ಎತ್ತಿದ ಫೋಟೋ ಒಂದನ್ನು, ಹಿಂದಿನ ಮೈದಾನ ಕತ್ತರಿಸಿ, ಯಾರೋ ಇನ್‌ಸ್ಟಾಗ್ರಾಂನಲ್ಲಿ ಹಾಕಿದ್ದಾರೆ. ಡಿಟೆಕ್ಟಿವ್ ಅದನ್ನು ಗ್ಯಾಂಗಿನ ಕೈಸನ್ನೆ ಅಂದುಕೊಳ್ಳುತ್ತಾನೆ. ಅವನು ಕೆಟ್ಟವನಲ್ಲ, ಅವನಿಗೆ ಬೇಸ್‌ಬಾಲ್ ಬರುವುದಿಲ್ಲ. ಆಟ ಕಲಿತಿರುವ ನಿಮ್ಮ ಓದುಗರು ಪುಸ್ತಕದ ಈಚೆಯಿಂದ ಅವನ ಮೇಲೆ ಕೂಗಾಡಬೇಕು.

ಒಂದು ಪ್ರಶ್ನೆಯ ಬಗ್ಗೆ ಹೇಳಲೇಬೇಕು. 'ಎಲ್ಲಿಯವನು ನೀನು?' ನಾವು ಬಸ್‌ನಲ್ಲಿ ಪಕ್ಕ ಕೂತವರನ್ನು ಮೊದಲು ಕೇಳುವುದೇ ಇದು. ಅಲ್ಲಿ ಕಾರು ನಿಧಾನ ಮಾಡಿ, ಕಿಟಕಿ ಇಳಿಸಿ ಇದನ್ನು ಕೇಳಿದರೆ 'ಯಾವ ಗ್ಯಾಂಗ್' ಅಂತ ಅರ್ಥ. 'ಎಲ್ಲಿಯವನೂ ಅಲ್ಲ, ನಾನು ಬಾಲ್ ಆಡ್ತೀನಿ' ಅಂತ ಹುಡುಗರು ಬ್ಯಾಗ್ ತೋರಿಸುತ್ತಾರೆ. ಈ ದೃಶ್ಯಕ್ಕೆ ಬೈಗುಳ ಬೇಡ, ಗನ್ ಬೇಡ. ಇಂಜಿನ್ ಓಡುತ್ತಿರಲಿ. ಕೇಳಿದವನು ಮೂರನೇ ಕ್ಲಾಸಿನಲ್ಲಿ ಮಾಟೆಯೊನ ಜೊತೆ ಒಂದೇ ಲಿಟಲ್ ಲೀಗ್ ತಂಡದಲ್ಲಿ ಸೆಕೆಂಡ್ ಬೇಸ್ ಆಡಿದವನಾಗಿರಲಿ. ಇಬ್ಬರಿಗೂ ನೆನಪಿದೆ, ಇಬ್ಬರೂ ಹೇಳುವುದಿಲ್ಲ.

ಕೊಲೆ ಮಾಡಿದ್ದು ಗ್ಯಾಂಗ್ ಆಗಬಾರದು, ನನ್ನ ಮಟ್ಟಿಗೆ. ಎಲ್ಲರೂ ಮೊದಲು ಬೊಟ್ಟು ಮಾಡುವುದು ಅಲ್ಲಿಗೇ, ಅಲ್ಲಿಗೇ ಮುಗಿದರೆ ಪತ್ತೇದಾರಿಕೆ ಏನು ಬಂತು? ಅರ್ಮಾಂಡೊಗೆ ಕಾರಣ ಬೇಕು. ಅದನ್ನೂ ಆಟದಿಂದಲೇ ತೆಗೆಯಿರಿ. ಲೀಗ್‌ಗಳಿಗೆ ಗಡಿಗಳಿವೆ, ಗಡಿಯೊಳಗೆ ವಾಸ ಇದ್ದವರು, ಇಲ್ಲವೇ ಅಲ್ಲಿನ ಸ್ಕೂಲಿಗೆ ಹೋಗುವವರು ಮಾತ್ರ ಆಡಬೇಕು. 2014ರಲ್ಲಿ ಶಿಕಾಗೋದ ಜಾಕಿ ರಾಬಿನ್‌ಸನ್ ವೆಸ್ಟ್ ತಂಡದ ಮಕ್ಕಳು ಲಿಟಲ್ ಲೀಗ್‌ನಲ್ಲಿ ಅಮೆರಿಕದ ಚಾಂಪಿಯನ್ ಆದರು. 2015ರ ಫೆಬ್ರವರಿಯಲ್ಲಿ ಆ ಪಟ್ಟ ಕಿತ್ತುಕೊಂಡರು, ಗಡಿಯಾಚೆಯ ಮಕ್ಕಳನ್ನು ಆಡಿಸಿದ್ದಾರೆ ಅಂತ. ಮಕ್ಕಳು ಆಡಿದ್ದು ನಿಜ, ತಪ್ಪು ದೊಡ್ಡವರ ಕಾಗದದಲ್ಲಿತ್ತು. ಕ್ಯಾಲಿಫೋರ್ನಿಯಾದ ಹೈಸ್ಕೂಲ್‌ಗಳಿಗೂ ವಿಳಾಸದ ನಿಯಮಗಳಿವೆ.

ನಮ್ಮ ಅರ್ಮಾಂಡೊ ಒಳ್ಳೆ ತಂಡಗಳಿಗೆ ಹುಡುಗರನ್ನು ಸೇರಿಸಲು ಸುಳ್ಳು ವಿಳಾಸ ಮಾಡಿಸಿಕೊಡುತ್ತಾನೆ, ತಂದೆತಾಯಿಯಿಂದ ಹಣ ತಗೊಳ್ಳುತ್ತಾನೆ. ಒಬ್ಬ ಹುಡುಗನಿಗೆ ಕೊಟ್ಟ ವಿಳಾಸ ಎದುರು ಗ್ಯಾಂಗಿನ ಬೀದಿಯಲ್ಲಿತ್ತು. ಸ್ಕೂಲಿನ ಪತ್ರ ತರಲು ಹುಡುಗ ಅಲ್ಲಿಗೆ ಹೋದ. ಕಾರು ನಿಧಾನವಾಯಿತು, ಕಿಟಕಿ ಇಳಿಯಿತು. ಆ ಹುಡುಗ ಈಗ ಗಾಲಿಕುರ್ಚಿಯಲ್ಲಿದ್ದಾನೆ. ಅವನನ್ನು ಆ ಬೀದಿಗೆ ಕಳಿಸಿದ್ದು ಯಾವ ಕಾಗದ ಅನ್ನುವುದು ರೂಬೆನ್‌ಗೆ ಗೊತ್ತಾಯಿತು. ಇಷ್ಟು ಸಾಕು. ಲೀಗ್ ಎಳೆದ ಗೆರೆ, ಗ್ಯಾಂಗ್ ಎಳೆದ ಗೆರೆ, ಎರಡರ ನಡುವೆ ಹುಡುಗರು.

ಪೊಲೀಸರು, ಕಾನೂನು

ಹದಿನಾರು ವರ್ಷದ ಹುಡುಗನನ್ನು ಕತ್ತಲೆ ಕೋಣೆಯಲ್ಲಿ ಕೂರಿಸಿ, ಡಿಟೆಕ್ಟಿವ್ ಮೇಜು ಗುದ್ದಿ ಕೇಳುವ ದೃಶ್ಯ ಬಹಳ ಜನ ಬರೆಯುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ 2021ರಿಂದ, 17 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರನ್ನು ವಶಕ್ಕೆ ತೆಗೆದುಕೊಂಡು ವಿಚಾರಿಸುವ ಮೊದಲು ವಕೀಲರ ಜೊತೆ ಮಾತಾಡಿಸಲೇಬೇಕು. ಹುಡುಗ ಬೇಡ ಅಂದರೂ ಬಿಡುವಂತಿಲ್ಲ. ಹಾಗಾಗಿ ನಿಮ್ಮ ಡಿಟೆಕ್ಟಿವ್ ಅವನನ್ನು ವಶಕ್ಕೆ ತಗೊಳ್ಳದೆ, ಆಟಗಾರರು ಕೂರುವ ಡಗೌಟ್ ಬೆಂಚಿನಲ್ಲಿ ಪಕ್ಕ ಕೂತು, ಸೂರ್ಯಕಾಂತಿ ಬೀಜ ತಿನ್ನುತ್ತಾ ಮಾತಾಡಿಸಲಿ. ನೋಡಲು ಅದು ಇನ್ನೂ ಭಯ.

ಗ್ಯಾಂಗ್ ಅನ್ನುವ ಹಣೆಪಟ್ಟಿ ಬಿದ್ದರೆ ಶಿಕ್ಷೆ ಜಾಸ್ತಿ ಮಾಡುವ ಕಾನೂನು ಅಲ್ಲಿ 1988ರಿಂದ ಇದೆ. 2022ರಿಂದ ಅದನ್ನು ಸಾಬೀತು ಮಾಡುವುದು ಕಷ್ಟ ಮಾಡಿದ್ದಾರೆ. ಮಾಟೆಯೊನ ಸೋದರಸಂಬಂಧಿ ಚುಯ್ ಗ್ಯಾಂಗಿನವನೇ. ಅನುಮಾನ ಅವನ ಮೇಲೆ ಬಿದ್ದಾಗ ಅವನ ಅಮ್ಮ ಹೆದರುವುದು ಬರೀ ಜೈಲಿಗಲ್ಲ, ಆ ಹೆಚ್ಚುವರಿ ವರ್ಷಗಳಿಗೆ.

ನಡುವಿನವನೊಬ್ಬ ಬೇಕು. ಲಾಸ್ ಏಂಜಲೀಸ್‌ನಲ್ಲಿ ಮೇಯರ್ ಕಚೇರಿಯ ಗ್ಯಾಂಗ್ ತಡೆ ಯೋಜನೆ 2007ರಲ್ಲಿ ಶುರುವಾಯಿತು. ಗ್ಯಾಂಗ್ ಬಿಟ್ಟು ಬಂದವರೇ ಕೆಲವರು ಅದರಲ್ಲಿ ಕೆಲಸ ಮಾಡುತ್ತಾರೆ. ಗುಂಡು ಬಿದ್ದ ಕೂಡಲೇ ಆಸ್ಪತ್ರೆಗೆ, ಮನೆಗೆ ಹೋಗಿ ಸೇಡಿಗೆ ಹೊರಡದ ಹಾಗೆ ತಡೆಯುವುದು ಅವರ ಕೆಲಸ. ಪೊಲೀಸರಿಗೆ ಮಾಹಿತಿ ಕೊಡುವವನು ಅಂತಾದರೆ ಅವನ ಮಾತು ಆ ಬೀದಿಯಲ್ಲಿ ನಡೆಯುವುದಿಲ್ಲ. ಎಲ್ಲ ಗೊತ್ತು, ಹೇಳುವ ಹಾಗಿಲ್ಲ. ಪತ್ತೇದಾರಿ ಕಥೆಗೆ ಇಂಥವನೊಬ್ಬ ಸಿಕ್ಕರೆ ಬಿಡಬೇಡಿ.

ಕನ್ನಡದಲ್ಲಿ ಕೂರಿಸುವುದು, ಕೊನೆ

ಪಿಚರ್, ಕ್ಯಾಚರ್, ಬೇಸ್, ಡಗೌಟ್ ಹಾಗೇ ಇರಲಿ. 'ಚೆಂಡೆಸೆತಗಾರ' ಅಂತ ಬರೆದರೆ ನಾನು ಪುಸ್ತಕ ಮುಚ್ಚುತ್ತೇನೆ. ಕ್ರಿಕೆಟ್ ಹೋಲಿಕೆಯನ್ನು ಪಾತ್ರಗಳ ಬಾಯಿಗೆ ಹಾಕಬೇಡಿ, ಬಾಯ್ಲ್ ಹೈಟ್ಸ್ ಹುಡುಗರಿಗೆ ಕ್ರಿಕೆಟ್ ಗೊತ್ತಿಲ್ಲ. ಮನೆಯೊಳಗಿನ ಸ್ಪ್ಯಾನಿಷ್‌ಗೆ ನಾಲ್ಕೈದು ಮಾತು ಸಾಕು, ಅಮ್ಮ ಕರೆಯುವ 'ಮಿಹೋ', ಅಜ್ಜಿಯನ್ನು ಕರೆಯುವ 'ಅಬುವೆಲಾ'. ಉಳಿದದ್ದು ನಿಮ್ಮ ಮನೆಯಲ್ಲಿ ಮಾತಾಡುವ ಕನ್ನಡದಲ್ಲೇ ಬರಲಿ.

ಕೊನೆಯಲ್ಲಿ ಅರ್ಮಾಂಡೊನ ಕೈಗೆ ಗನ್, ಮಾಟೆಯೊನ ಕೈಗೆ ಬ್ಯಾಟ್ ಕೊಟ್ಟು ಎದುರುಬದುರು ನಿಲ್ಲಿಸಬೇಡಿ. ಜಾಲರಿಯ ಹಿಂದಿನ ಬೆಂಚಿನಲ್ಲಿ ಹತ್ತು ಜನರ ನಡುವೆ ಕೂರಿಸಿ. ಎದುರು ತಂಡದ ಸ್ಕೋರ್‌ಬುಕ್ ಡಿಟೆಕ್ಟಿವ್ ತೊಡೆಯ ಮೇಲಿರಲಿ. ಲೂಪೆ ಬಹಳ ಮುಗ್ಧವಾಗಿ, 'ಅಂಕಲ್, ಆವತ್ತಿನ ಐದನೇ ಇನ್ನಿಂಗ್ಸ್ ಕೊನೆಯ ಔಟ್ ಇನ್ನೊಂದ್ಸಲ ಹೇಳಿ' ಅನ್ನಲಿ. ಅವನು ಹೇಳುತ್ತಾನೆ. ಅದೇ ಮಾತು, ಇನ್ನೂ ಎರಡು ವಿವರ ಸೇರಿಸಿ. ಅಲ್ಲಿದ್ದ ಅಪ್ಪ ಅಮ್ಮಂದಿರು ಒಬ್ಬೊಬ್ಬರಾಗಿ ತಿರುಗಿ ನೋಡುತ್ತಾರೆ, ಯಾಕೆಂದರೆ ಆ ಚೆಂಡು ಉರುಳಿ ಬಂದು ನಿಂತದ್ದು ಅವರ ಕಾಲ ಬುಡದ ಜಾಲರಿಗೇ.

ಬರೆದಾದ ಮೇಲೆ ಇಬ್ಬರಿಗೆ ಓದಲು ಕೊಡಿ. ಬೇಸ್‌ಬಾಲ್ ಗೊತ್ತಿಲ್ಲದ ಒಬ್ಬರು, ಗೊತ್ತಿರುವ ಒಬ್ಬರು. ಗೊತ್ತಿಲ್ಲದವರಿಗೆ ಲೂಪೆಯ ಪ್ರಶ್ನೆ ತಟ್ಟನೆ ಅರ್ಥವಾಗದಿದ್ದರೆ ಒಂದನೇ ಅಧ್ಯಾಯದ ಊಟದ ದೃಶ್ಯಕ್ಕೆ ವಾಪಸ್ ಹೋಗಿ, ಜಗಳವನ್ನು ಇನ್ನೆರಡು ಸಾಲು ಎಳೆಯಿರಿ. ಗೊತ್ತಿರುವವರು ನಾಲ್ಕನೇ ಅಧ್ಯಾಯದಲ್ಲೇ ಅರ್ಮಾಂಡೊನ ಕುತ್ತಿಗೆ ಹಿಡಿದುಬಿಟ್ಟರೆ, ಅವನ ಮಾತು ಮುಗಿದ ಕೂಡಲೇ ರೂಬೆನ್‌ನ ಅಮ್ಮನನ್ನು ಅಲ್ಲಿಗೆ ಕರೆತನ್ನಿ. ಅವಳು ಬಂದರೆ ಯಾರಿಗೂ ಅರ್ಮಾಂಡೊ ಏನು ಹೇಳಿದ ಅಂತ ಯೋಚಿಸಲು ಮನಸ್ಸಾಗುವುದಿಲ್ಲ.